ಒಂದೇ ಪದರದ ಸೂರು

ಏಪ್ರಿಲ್ ಬಿಸಿಲಿನಲ್ಲಿ ಕಡೂರಿನ ತಾರಸಿಗಳ ಮೇಲೆ ಬರಿಗಾಲು ಇಡುವಂತಿಲ್ಲ. ಅಂಥ ಮಧ್ಯಾಹ್ನವೊಂದರಲ್ಲಿ ಬಿ.ಎಚ್. ರಸ್ತೆ ಬದಿಯ ಉಗ್ರಾಣವೊಂದರ ನೆತ್ತಿಯ ಮೇಲೆ ಇಬ್ಬರು ಹುಡುಗರು ಮಂಡಿಯೂರಿ ಕೂತು ಒಂದು ಬಿಳಿ ಹಾಳೆಯನ್ನು ಇನ್ನೊಂದಕ್ಕೆ ಬೆಸೆಯುತ್ತಿದ್ದರು. ಇಡೀ ಮಾಡಿಗೆ ಹೊದಿಕೆಯೆಂದರೆ ಆ ಹಾಳೆ ಒಂದೇ. ಅದರ ದಪ್ಪ ಒಂದೂವರೆ ಮಿಲಿಮೀಟರ್. ಮೇಲೆ ಗಾರೆಯಿಲ್ಲ, ಇಟ್ಟಿಗೆ ಚೂರಿಲ್ಲ, ತಾರಿಲ್ಲ, ತಗಡೂ ಇಲ್ಲ. ಅಷ್ಟು ತೆಳುವಾದದ್ದು ಮುಂಗಾರನ್ನು ತಡೆಯುತ್ತದೆಯೇ ಎಂಬ ಪ್ರಶ್ನೆ ನನ್ನನ್ನು ಅವತ್ತು ಸಂಜೆಯವರೆಗೂ ಅಲ್ಲೇ ಹಿಡಿದು ನಿಲ್ಲಿಸಿತು.

ಬೆಸೆಯುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಹಾಳೆಯ ಅಂಚನ್ನು ಪಕ್ಕದ ಹಾಳೆಯ ಮೇಲೆ ನಾಲ್ಕಾರು ಇಂಚು ಹತ್ತಿಸಿ ಹಾಸುತ್ತಾರೆ. ಬಲಗೈಯಲ್ಲಿ ಬಿಸಿಗಾಳಿಯ ಗನ್ನು, ಎಡಗೈಯಲ್ಲಿ ಪುಟ್ಟ ರಬ್ಬರ್ ಉರುಳೆ. ಗನ್ನಿನ ಚಪ್ಪಟೆ ಮೂತಿಯನ್ನು ಎರಡು ಹಾಳೆಗಳ ನಡುವೆ ತೂರಿಸಿ ನಿಧಾನವಾಗಿ ಎಳೆಯುತ್ತಾ ಹೋದರೆ ಎರಡರ ಮೈಯೂ ಕರಗುತ್ತದೆ. ಹಿಂದೆಯೇ ಉರುಳೆ ಒತ್ತುತ್ತಾ ಬರುತ್ತದೆ. ಅಂಟಿಲ್ಲ, ಮೊಳೆಯಿಲ್ಲ, ಎರಡು ಹಾಳೆ ಒಂದಾಗುತ್ತವೆ. ಬೆಸುಗೆಯ ಅಗಲ ಕನಿಷ್ಠ ಒಂದೂವರೆ ಇಂಚಾದರೂ ಇರಬೇಕು. ಉದ್ದನೆಯ ಸಾಲುಗಳಿಗೆ ತಾನೇ ತೆವಳುವ ಯಂತ್ರವಿದೆ. ಆದರೆ ಮೂಲೆ, ಪೈಪು, ಪ್ಯಾರಾಪಿಟ್ ಗೋಡೆಯ ಬುಡ ಇವಕ್ಕೆಲ್ಲ ಕೈಗೆಲಸವೇ ಗತಿ.

ಬೆಸುಗೆ ಆರಿದ ಮೇಲೆ ಹಿರಿಯ ಕೆಲಸಗಾರ ಸ್ಕ್ರೂ ಡ್ರೈವರಿನಂಥ ಮೊನೆಯನ್ನು ಅಂಚಿನುದ್ದಕ್ಕೂ ಒತ್ತಿ ಎಳೆದ. ಎಲ್ಲಾದರೂ ಬಾಯಿಬಿಟ್ಟಿದ್ದರೆ ಮೊನೆ ಒಳಗೆ ಹೋಗುತ್ತದೆ. ಆಮೇಲೆ ಒಂದು ಪಟ್ಟಿಯನ್ನು ಕತ್ತರಿಸಿ ಎರಡೂ ಕೈಯಲ್ಲಿ ಹಿಡಿದು ಸಿಗಿದ. ಬೆಸುಗೆ ಬಿಡಲಿಲ್ಲ. ಹಾಳೆಯ ಮೈಯೇ ಹರಿದು ಒಳಗಿನ ಪಾಲಿಯೆಸ್ಟರ್ ನೂಲಿನ ಜಾಲರಿ ಕಾಣಿಸಿತು. ಹಾಗೆ ಹರಿದರೆ ಮಾತ್ರ ಕೆಲಸ ಪಾಸು. ಕರೆಂಟಿನ ವೋಲ್ಟೇಜ್ ಇಳಿದರೆ ಗಾಳಿಯ ಶಾಖವೂ ಇಳಿದು ಬೆಸುಗೆ ಕಚ್ಚುವುದಿಲ್ಲ ಎಂದು ಅವರು ಜನರೇಟರನ್ನೇ ಮೇಲೇರಿಸಿಕೊಂಡಿದ್ದರು. ವೋಲ್ಟೇಜಿನ ಆಟ ಗೊತ್ತಿರುವ ನಮ್ಮ ಸೀಮೆಯಲ್ಲಿ ಈ ಎಚ್ಚರ ನನಗೆ ಬಹಳ ಹಿಡಿಸಿತು.

ಈ ಹಾಳೆಗಳಲ್ಲಿ ಮುಖ್ಯವಾದವು ಮೂರು ಜಾತಿ. ಕಪ್ಪು ರಬ್ಬರಿನ ಇಪಿಡಿಎಂ 1960ರ ದಶಕದಲ್ಲಿ ಅಮೆರಿಕದಲ್ಲಿ ಮಾಡು ಹತ್ತಿತು. ಅದೇ ಹೊತ್ತಿಗೆ ಯೂರೋಪಿನಲ್ಲಿ ಪಿವಿಸಿ ಹಾಳೆ ಬಂತು. 1973ರ ತೈಲ ಬಿಕ್ಕಟ್ಟಿನಲ್ಲಿ ತಾರು ತುಟ್ಟಿಯಾದದ್ದೇ ತಡ, ತಾರು ಮತ್ತು ಫೆಲ್ಟ್‌ಗಳನ್ನು ಪದರ ಪದರವಾಗಿ ಹೊದಿಸುವ ಹಳೆಯ ಪದ್ಧತಿಗೆ ಪೆಟ್ಟು ಬಿದ್ದು ಒಂದೇ ಪದರದ ಹಾಳೆಗೆ ದಾರಿಯಾಯಿತು. ನಾನು ಕಡೂರಿನಲ್ಲಿ ಕಂಡದ್ದು ಮೂರನೆಯದು, 1990ರ ದಶಕದಲ್ಲಿ ಬಂದ ಟಿಪಿಒ. ಅದರ ಮೊದಮೊದಲ ಹಾಳೆಗಳಲ್ಲಿ ಕೆಲವು ಬಿಸಿಲಿಗೆ ಬಿರುಕುಬಿಟ್ಟಿದ್ದುಂಟು. ಅಮೆರಿಕದಲ್ಲಿ ಅದಕ್ಕೊಂದು ಮಾನಕ ಬಂದದ್ದು 2003ರಲ್ಲಿ. ಮಾರಾಟಗಾರರು ಹೇಳುವ ‘ಇಪ್ಪತ್ತು ವರ್ಷ ಗ್ಯಾರಂಟಿ’ಯನ್ನು ನಾನು ಅರ್ಧ ಮಾತ್ರ ನಂಬುವುದು ಈ ಚರಿತ್ರೆ ಗೊತ್ತಿರುವುದರಿಂದ. ನಮ್ಮ ಬಿಸಿಲಿನ ಕೆಳಗೆ ಇಪ್ಪತ್ತು ವರ್ಷ ಕಳೆದ ಹಾಳೆಯನ್ನು ಕೈಮುಟ್ಟಿ ನೋಡುವವರೆಗೆ ಉಳಿದರ್ಧವನ್ನು ಕಾದಿರಿಸುತ್ತೇನೆ.

ನಮ್ಮ ಪೇಟೆಗಳ ತಾರಸಿ ಏಕೆ ಸೋರುತ್ತದೆ ಎಂಬುದನ್ನು ಓದುಗರಿಗೆ ವಿವರಿಸಬೇಕಿಲ್ಲ; ಅನುಭವಿಸದವರು ಕಡಿಮೆ. ಹತ್ತು ಮೀಟರ್ ಉದ್ದದ ಕಾಂಕ್ರೀಟ್ ಚಪ್ಪಡಿಯ ಶಾಖ ಮೂವತ್ತು ಡಿಗ್ರಿ ಏರಿದರೆ ಅದು ಸುಮಾರು ಮೂರು ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ದಿನವೂ ನಡೆಯುವ ಈ ಎಳೆದಾಟಕ್ಕೆ ಮೇಲಿನ ಗಾರೆ ಸೀಳುತ್ತದೆ. ಅದರ ಮೇಲೆ ಇಟ್ಟಿಗೆ ಚೂರಿನ ಇನ್ನೊಂದು ನಾಲ್ಕಿಂಚು ಗಾರೆ ಹಾಕಿಸುತ್ತೇವೆ. ಅದು ಚದರ ಮೀಟರಿಗೆ ನೂರೈವತ್ತು ಕೆ.ಜಿ.ಗೂ ಮಿಕ್ಕ ಭಾರ. ಈ ಬಿಳಿ ಹಾಳೆಯಾದರೆ ಎರಡು ಕೆ.ಜಿ.ಯೂ ತೂಗದು. ಗಾರೆಯೂ ಸೋರಿದರೆ ಬಣ್ಣ, ಬಣ್ಣವೂ ಸುಲಿದರೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಚಪ್ಪರ. ಬೀರೂರಿನಿಂದ ತರೀಕೆರೆಯವರೆಗೆ ತಲೆಯೆತ್ತಿ ನೋಡುತ್ತಾ ಹೋದರೆ ಸೋತ ತಾರಸಿಗಳ ಮೇಲೆ ಎದ್ದ ಈ ಚಪ್ಪರಗಳೇ ಕಾಣುತ್ತವೆ.

ಆದರೆ ಒಂದೇ ಪದರವನ್ನು ನಂಬಿ ಬಾಳಿದ ಸಮತಟ್ಟು ಮಾಡು ನಮಗೆ ಹೊಸದೇನಲ್ಲ. ಅಜ್ಜಂಪುರದಿಂದ ಹೊಸದುರ್ಗದ ಕಡೆಗೆ ತಿರುಗಿದರೆ ಮಾಳಿಗೆ ಮನೆಗಳ ಸೀಮೆ. ಕಂಬ, ಬೋದಿಗೆ, ತೊಲೆ, ಜಂತೆ, ಮೇಲೆ ಸೀಳು ಹಲಗೆ ಅಥವಾ ಗಳ, ಸೊಪ್ಪು, ಆಮೇಲೆ ಮಣ್ಣು. ಬೆಳಕಿಗೆ ಗವಾಕ್ಷಿ, ನೀರಿಗೆ ದೋಣಿ. ಎಲ್ಲಕ್ಕಿಂತ ಮೇಲೆ ಕರ್ಲು ಮಣ್ಣಿನ ಹೊದಿಕೆ. ನನ್ನ ಮನಸ್ಸು ಬಹುಕಾಲದಿಂದ ಸೋತಿರುವುದು ಈ ಕರ್ಲಿಗೆ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಕರ್ಲು ಅಂದರೆ ಹಳ್ಳದ ದಂಡೆಯಲ್ಲೋ ತಗ್ಗಿನಲ್ಲೋ ಬೇಸಗೆಗೆ ಬೆಳ್ಳಗೆ ಉಪ್ಪು ಹೂಬಿಡುವ ನೆಲ. ರೈತನಿಗೆ ಅದು ಶಾಪ. ಅಲ್ಲಿ ನೀರು ಇಂಗದೆ ನಿಲ್ಲುತ್ತದೆ, ಬೀಜ ಮೊಳೆಯುವುದಿಲ್ಲ. ಕಾರಣ ಅದರಲ್ಲಿರುವ ಸೋಡಿಯಂ. ಜೇಡಿಯ ಕಣಗಳಿಗೆ ಸೋಡಿಯಂ ಅಂಟಿಕೊಂಡಾಗ, ನೀರು ಬಿದ್ದೊಡನೆ ಕಣಗಳು ಉಬ್ಬಿ, ಒಂದನ್ನೊಂದು ದೂಡಿಕೊಂಡು ಬಿಡಿಬಿಡಿಯಾಗಿ, ಮಣ್ಣಿನ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲದಲ್ಲಿ ಬೆಳೆ ಕೊಲ್ಲುವ ಅದೇ ಗುಣ ಮಾಳಿಗೆಯ ಮೇಲೆ ಮನೆ ಕಾಯುತ್ತದೆ. ಮೊದಲ ಮಳೆಗೆ ಮೇಲ್ಪದರ ನೆನೆದು ಬಿರುಕುಗಳು ಕೂಡಿಕೊಳ್ಳುತ್ತವೆ, ಉಳಿದ ನೀರು ದೋಣಿಯ ಕಡೆ ಹರಿಯುತ್ತದೆ. ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಹೊದಿಕೆ! ಸಾವಿರಾರು ರೂಪಾಯಿಯ ಹಾಳೆಗೂ ಈ ಶಕ್ತಿಯಿಲ್ಲ. ಇನ್ನೊಂದು ಉಪಕಾರವೂ ಇದೆ: ಕರ್ಲಿನಲ್ಲಿ ಹುಲ್ಲು ಸುಲಭವಾಗಿ ಹುಟ್ಟುವುದಿಲ್ಲ, ಹಾಗಾಗಿ ಬೇರು ಇಳಿದು ಮಾಡು ತೂತಾಗುವುದಿಲ್ಲ.

ಇಂದು ಕಸದ ಗುಂಡಿ, ಕೊಳಗಳ ತಳಕ್ಕೆ ಎರಡು ಬಟ್ಟೆಗಳ ನಡುವೆ ಸೋಡಿಯಂ ಬೆಂಟೊನೈಟ್ ಜೇಡಿ ತುಂಬಿದ ಚಾಪೆಯನ್ನು ಹಾಸುತ್ತಾರೆ. ಅದು ನೀರನ್ನು ತಡೆಯುವುದೂ ಇದೇ ಸೋಡಿಯಂ ಗುಣದಿಂದ. ಕರ್ಲು ಹೊಲವನ್ನು ಸರಿಪಡಿಸಲು ಕೃಷಿ ಇಲಾಖೆಯವರು ಜಿಪ್ಸಂ ಹಾಕಿ ಎನ್ನುತ್ತಾರೆ; ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಮ್ಮನ್ನು ಹೊರದೂಡಿ ಮಣ್ಣನ್ನು ಮತ್ತೆ ಹರಳುಗಟ್ಟಿಸುತ್ತದೆ. ಹಾಗೆ ಹದಗೊಂಡ ಮಣ್ಣು ಬೆಳೆಗೆ ಒಳ್ಳೆಯದು, ಮಾಳಿಗೆಗೆ ಬಾರದು. ಇದನ್ನು ಪ್ರಯೋಗಾಲಯವಿಲ್ಲದೆ ಕಂಡುಕೊಂಡ ಜನರ ಬಗ್ಗೆ ನನಗೆ ಅಪಾರ ಗೌರವವಿದೆ.

ಕರ್ಲಿನ ಕಷ್ಟಗಳೂ ಸಣ್ಣವಲ್ಲ. ಒಂದಡಿ ಮಣ್ಣೆಂದರೆ ಚದರ ಮೀಟರಿಗೆ ಸುಮಾರು ಅರ್ಧ ಟನ್ ಭಾರ. ವರ್ಷ ವರ್ಷ ಹೊಸ ಮಣ್ಣು ಪೇರಿಸುತ್ತಾ ಹೋದರೆ, ತೊಲೆಗೆ ಗೆದ್ದಲು ಹಿಡಿದಿದ್ದರೆ, ಜಡಿಮಳೆಯಲ್ಲಿ ಮಾಳಿಗೆ ಕುಸಿದು ಪ್ರಾಣವೇ ಹೋಗಬಹುದು. ಯಾರಿಗೂ ಮಾಳಿಗೆಗೆ ಹಿಂದಿರುಗಿ ಎಂದು ನಾನು ಹೇಳಲಾರೆ. ಆದರೆ ಆ ಊರುಗಳಲ್ಲಿ ಮುಂಗಾರಿಗೆ ಮುಂಚೆ ಮನೆಯವರು ಮಾಳಿಗೆ ಹತ್ತುವುದು, ಇಲಿಬಿಲ ಮುಚ್ಚುವುದು, ದೋಣಿಯ ಬಾಯಿ ಬಿಡಿಸುವುದು, ಹೊಸ ಕರ್ಲು ಹರಡಿ ತುಳಿಯುವುದು ಬೇಸಾಯದ ಕೆಲಸದಷ್ಟೇ ಕಡ್ಡಾಯವಾಗಿತ್ತು. ಆರ್‌ಸಿಸಿ ಬಂದ ಮೇಲೆ ನಾವು ಬಿಟ್ಟದ್ದು ಆ ಹತ್ತುವ ಅಭ್ಯಾಸವನ್ನು.

ಸಮತಟ್ಟು ಮಾಡಿನ ಕಷ್ಟವೆಲ್ಲ ಸಂದಿಯಲ್ಲಿ. 1196ರಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ತರೀಕೆರೆ ಸೀಮೆಯ ಅಮೃತಾಪುರದಲ್ಲಿ ಕಟ್ಟಿಸಿದ ದೇವಾಲಯದ ಮಂಟಪದಲ್ಲಿ ನಿಂತು ಮೇಲೆ ನೋಡಿದರೂ ಇದು ತಿಳಿಯುತ್ತದೆ. ಕಲ್ಲು ಸೋರುವುದಿಲ್ಲ, ಎರಡು ಕಲ್ಲಿನ ನಡುವಿನ ಗೆರೆ ಸೋರುತ್ತದೆ. ಬಿಳಿ ಹಾಳೆಗೂ ಅದೇ ನಿಯಮ. ನಡುಹಾಳೆ ತೂತಾಗಿ ಸೋರುವುದಕ್ಕಿಂತ ಅದು ಗೋಡೆಗೆ ಏರುವಲ್ಲಿ, ಪೈಪನ್ನು ಸುತ್ತುವಲ್ಲಿ, ನೀರಿಳಿಯುವ ಬಾಯಿಗೆ ಬಾಗುವಲ್ಲಿ ಸೋರುವುದು ಹೆಚ್ಚು. ಅಮೆರಿಕದ, ಯೂರೋಪಿನ ಉಗ್ರಾಣಗಳ ನೆತ್ತಿ ಬಹುಮಟ್ಟಿಗೆ ಖಾಲಿ. ದುರಸ್ತಿಯವರನ್ನು ಬಿಟ್ಟರೆ ಅಲ್ಲಿಗೆ ಹತ್ತುವವರು ಕಡಿಮೆ. ನಮ್ಮ ಪೇಟೆಯ ತಾರಸಿ ಅರ್ಧ ಅಂಗಳ. ಸಿಂಟೆಕ್ಸ್ ಟ್ಯಾಂಕು, ಸೋಲಾರ್, ಡಿಶ್, ಜಾಹೀರಾತಿನ ಫಲಕದ ಕಾಲುಗಳು, ಎಲ್ಲಕ್ಕಿಂತ ಮುಖ್ಯವಾಗಿ ನಾಳೆ ಏರಿಸುವ ಮಹಡಿಗೆಂದು ಕಂಬದಿಂದ ಹೊರಚಾಚಿದ ಕಂಬಿಗಳು. ತುಕ್ಕು ಹಿಡಿಯುವ ಆ ಕಂಬಿಗಳ ಬುಡಕ್ಕೆ ಯಾವ ಹಾಳೆಯೂ ಸರಿಯಾಗಿ ಕಚ್ಚದು. ತರೀಕೆರೆ ಕಡೆ ಬೇಯಿಸಿದ ಅಡಿಕೆ ಒಣಗುವುದೂ ತಾರಸಿಯ ಮೇಲೆ, ಕಡೂರಿನಲ್ಲಿ ಕೊಬ್ಬರಿಗೂ ಅದೇ ಕಣ. ಚೊಗರಿನ ಕಲೆ ಹೋಗಲಿ ಬಿಡಿ, ಅಡಿಕೆ ಕೆದಕುವ ಸಲಕರಣೆ ದಿನವೂ ಉಜ್ಜಿದರೆ ಒಂದೂವರೆ ಮಿಲಿಮೀಟರ್ ಎಷ್ಟು ದಿನ ತಾಳೀತು? ಆದ್ದರಿಂದ ನನ್ನ ಲೆಕ್ಕ ಇಷ್ಟೆ: ಮೇಲೆ ಮಹಡಿ ಏರಿಸದ, ಯಾರೂ ನಿತ್ಯ ಓಡಾಡದ ಉಗ್ರಾಣ, ಕಲ್ಯಾಣ ಮಂಟಪ, ಆಸ್ಪತ್ರೆ, ಕಾರ್ಖಾನೆಗಳಿಗೆ ಈ ಹಾಳೆ ಒಳ್ಳೆಯದು. ಬಿಳಿಯದಾದ್ದರಿಂದ ಕೆಳಗಿನ ಕೋಣೆಯ ಕಾವೂ ಇಳಿಯುತ್ತದೆ. ಅಡಿಕೆ ಒಣಗಿಸುವವರು ಅದರ ಗೋಜಿಗೆ ಹೋಗದಿರುವುದೇ ಲೇಸು.

ಇನ್ನೊಂದು ಎಚ್ಚರ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯ ನಂತರ ಕೃಷಿಹೊಂಡದ ಪಾಲಿಥೀನ್ ಹೊದಿಕೆ ಬಯಲುಸೀಮೆಯ ರೈತರಿಗೆಲ್ಲ ಪರಿಚಿತ. ಮಿಕ್ಕ ತುಂಡನ್ನು ತಾರಸಿಗೆ ಹೊದಿಸಿದರೆ ಅಗ್ಗವಲ್ಲವೇ ಎಂದು ಕೇಳುವವರಿದ್ದಾರೆ. ಹೊಂಡದ ಹಾಳೆಗೆ ಒಳಗೆ ಪಾಲಿಯೆಸ್ಟರ್ ನೂಲಿನ ಜಾಲರಿ ಇಲ್ಲ. ಕಾಂಕ್ರೀಟು ಮೂರು ಮಿಲಿಮೀಟರ್ ಹಿಗ್ಗುವ ಜಾಗದಲ್ಲಿ ಅದು ಮೂರೂವರೆ ಸೆಂಟಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಬಿಸಿಲಿಗೆ ಸುಕ್ಕುಗಟ್ಟಿ, ಚಳಿಗೆ ಬಿಗಿದು, ಅಂಚಿನಲ್ಲಿ ಕಿತ್ತುಬರುತ್ತದೆ. ಹಾಗೆಯೇ ಹಳೆಯ ತಾರಿನ ಮೇಲೆ ಪಿವಿಸಿ ಹಾಳೆಯನ್ನು ನೇರವಾಗಿ ಹಾಸಬಾರದು. ತಾರು ತಾಗಿದರೆ ಪಿವಿಸಿಯನ್ನು ಮೆದುವಾಗಿರಿಸುವ ಎಣ್ಣೆಯಂಶ ಹೊರಟುಹೋಗಿ ಹಾಳೆ ಪೆಡಸಾಗುತ್ತದೆ. ನಡುವೆ ಬೇರ್ಪಡಿಸುವ ಬಟ್ಟೆಯ ಪದರ ಬೇಕು.

ತಾರಸಿಗೆ ಹಾಳೆ ಹೊದಿಸುವ ಯೋಚನೆಯಲ್ಲಿರುವ ಕಟ್ಟಡದ ಮಾಲೀಕರಲ್ಲಿ ಒಂದು ವಿನಂತಿ. ಮೊದಲು ನೂರು ಅಡಿಗೆ ಒಂದಡಿಯಾದರೂ ಇಳಿಜಾರು ಇದೆಯೇ ಎಂದು ಅಳತೆ ಹಿಡಿಸಿ. ಇಲ್ಲದಿದ್ದರೆ ಹಾಳೆಗಿಂತ ಮುಂಚೆ ಅದನ್ನು ಸರಿಪಡಿಸಿ. ದಿನದ ಮೊದಲ ಬೆಸುಗೆಯ ಪಟ್ಟಿಯನ್ನು ನಿಮ್ಮೆದುರೇ ಸಿಗಿದು ತೋರಿಸಲು ಹೇಳಿ. ಕೆಲಸ ಮುಗಿದ ಮೇಲೆ ನೀರಿಳಿಯುವ ಬಾಯಿಗಳನ್ನು ಕಟ್ಟಿ, ಚಪ್ಪಡಿ ಎಷ್ಟು ಭಾರ ತಾಳುತ್ತದೆಂದು ಎಂಜಿನಿಯರನ್ನು ಕೇಳಿ, ಒಂದೆರಡು ಇಂಚು ನೀರು ನಿಲ್ಲಿಸಿ. ಎರಡು ದಿನ ಕೆಳಗಿನ ಸೂರು ಒಣಗಿದ್ದರೆ ಕೊನೆಯ ಕಂತಿನ ಹಣ ಕೊಡಿ. ಆಮೇಲೆ ಪ್ರತಿವರ್ಷ ಮೇ ತಿಂಗಳಲ್ಲಿ ಒಮ್ಮೆ ಮೇಲೆ ಹತ್ತಿ ಆ ಬಾಯಿಗಳಲ್ಲಿ ಸಿಕ್ಕಿಕೊಂಡ ಎಲೆ ಕಸ ತೆಗೆಸಿ.