ಉತ್ತರ ಒಬ್ಬರದು, ಅಕ್ಷರ ಇನ್ನೊಬ್ಬರದು

ಕಣ್ಣು ಕಾಣದ, ಅಥವಾ ಪೆನ್ನು ಹಿಡಿದು ಬರೆಯಲಾಗದ ವಿದ್ಯಾರ್ಥಿಯು ಬಾಯಲ್ಲಿ ಹೇಳಿದ ಉತ್ತರವನ್ನು ಪರೀಕ್ಷಾ ಕೊಠಡಿಯಲ್ಲಿ ಕುಳಿತು ಕಾಗದಕ್ಕಿಳಿಸುವ ವ್ಯಕ್ತಿಯನ್ನು ಲಿಪಿಕಾರ ಎಂದು ಕರೆಯುತ್ತಾರೆ. ಕಾಲೇಜುಗಳಲ್ಲಿ ‘ಸ್ಕ್ರೈಬ್’ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಸೆಮಿಸ್ಟರಿನ ಕೊನೆಯಲ್ಲಿ ಇವರು ಬರುತ್ತಾರೆ, ಬರೆಯುತ್ತಾರೆ, ಎದ್ದು ಹೋಗುತ್ತಾರೆ. ಅಂಕಪಟ್ಟಿಯಲ್ಲಾಗಲಿ ಪದವಿಪತ್ರದಲ್ಲಾಗಲಿ ಇವರ ಹೆಸರು ಇರುವುದಿಲ್ಲ. ದೂರದಿಂದ ನೋಡುವವರಿಗೆ ಇದು ಮೂರು ಗಂಟೆಯ ಉಪಕಾರದಂತೆ ತೋರಿದರೂ ವಾಸ್ತವದಲ್ಲಿ ಇದು ಕಲಿತು ಪಳಗಬೇಕಾದ ಕಸುಬು. ವರ್ಷವಿಡೀ ನಡೆಯುವ ಸಹಪಾಠಿಗಳ ಒಡನಾಟದ ಮೇಲೆ ನಿಂತಾಗ ಅದು ಸಲೀಸಾಗಿ ಸಾಗುತ್ತದೆ. ಆ ಒಡನಾಟವಿಲ್ಲದೆ ಪರೀಕ್ಷೆಯ ಬೆಳಿಗ್ಗೆ ಹುಡುಕಿ ತಂದ ಲಿಪಿಕಾರನ ಪಕ್ಕದಲ್ಲಿ ಕುಳಿತು, ಚೆನ್ನಾಗಿ ಓದಿಕೊಂಡ ವಿದ್ಯಾರ್ಥಿಯೂ ಅಂಕ ಕಳೆದುಕೊಳ್ಳುವುದುಂಟು.

ಈ ನೆರವು ಯಾರದೋ ದಯೆಯಲ್ಲ, ವಿದ್ಯಾರ್ಥಿಯ ಹಕ್ಕು ಎಂಬ ತಿಳಿವು ಕಾನೂನಿನೊಳಗೆ ಬಂದದ್ದು ಹಂತಹಂತವಾಗಿ. ಅಂಧ ಮತ್ತು ಮಂದದೃಷ್ಟಿಯ ವಿದ್ಯಾರ್ಥಿಗಳಿಗೆ ಶಿಕ್ಷಣ ಸಂಸ್ಥೆಗಳೇ ಲಿಪಿಕಾರರನ್ನು ಒದಗಿಸಬೇಕೆಂದು 1995ರ ಅಂಗವಿಕಲರ ಕಾಯ್ದೆ ವಿಧಿಸಿತ್ತು. ಅದರ ಜಾಗಕ್ಕೆ ಬಂದ 2016ರ ಹಕ್ಕುಗಳ ಕಾಯ್ದೆಯು ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು; ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ 5ರಷ್ಟು ಸೀಟುಗಳನ್ನು ಮೀಸಲಿಟ್ಟಿತು; ಲಿಪಿಕಾರರ ಸೌಲಭ್ಯ, ಹೆಚ್ಚಿನ ಸಮಯ ಮತ್ತು ಎರಡನೆಯ, ಮೂರನೆಯ ಭಾಷೆಗಳಿಂದ ವಿನಾಯಿತಿಯಂಥ ಮಾರ್ಪಾಡುಗಳನ್ನು ಪರೀಕ್ಷಾ ಪದ್ಧತಿಯ ಭಾಗವಾಗಿಸಿತು. ಈ ಎರಡು ಕಾಯ್ದೆಗಳ ನಡುವೆ, 2013ರ ಫೆಬ್ರವರಿಯಲ್ಲಿ, ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯು ಗಂಟೆಗೆ ಕನಿಷ್ಠ 20 ನಿಮಿಷದ ‘ಪರಿಹಾರ ಸಮಯ’ವನ್ನು ನಿಗದಿ ಮಾಡಿತು. ಹೇಳುವುದಕ್ಕೂ ಬರೆಯುವುದಕ್ಕೂ ನಡುವೆ ಸೋರಿಹೋಗುವ ಹೊತ್ತನ್ನು ತುಂಬಿಕೊಡುವುದೇ ಪರಿಹಾರ ಸಮಯ. ಅದರಂತೆ ಮೂರು ಗಂಟೆಯ ಪತ್ರಿಕೆಗೆ ಇಬ್ಬರೂ ನಾಲ್ಕು ಗಂಟೆ ಕೂರುತ್ತಾರೆ.

ಆ ನಾಲ್ಕು ಗಂಟೆಯಲ್ಲಿ ಏನು ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡಿದರೆ ಕಸುಬಿನ ಸೂಕ್ಷ್ಮ ತಿಳಿಯುತ್ತದೆ. ಪಳಗಿದ ಲಿಪಿಕಾರರು ಮೊದಲು ಇಡೀ ಪ್ರಶ್ನೆಪತ್ರಿಕೆಯನ್ನು, ವಿಭಾಗದ ಸೂಚನೆ ಮತ್ತು ಅಂಕಗಳ ಸಮೇತ, ಅವಸರವಿಲ್ಲದೆ ಒಮ್ಮೆ ಓದಿ ಹೇಳುತ್ತಾರೆ. ಕಣ್ಣಿರುವವರು ಪತ್ರಿಕೆ ಕೈಗೆ ಬಂದೊಡನೆ ಹಿಂದೆಮುಂದೆ ತಿರುವಿ ಯಾವುದನ್ನು ಮೊದಲು ಬರೆಯಬೇಕೆಂದು ಲೆಕ್ಕ ಹಾಕುವಂತೆ, ಕಾಣದ ವಿದ್ಯಾರ್ಥಿಯು ಆ ಲೆಕ್ಕವನ್ನು ಈ ಒಂದು ಓದಿನಲ್ಲಿ ಕಿವಿಯಿಂದಲೇ ಹಾಕಿಕೊಳ್ಳಬೇಕಾಗುತ್ತದೆ. ಬಹುಆಯ್ಕೆಯ ಪ್ರಶ್ನೆ ಬಂದಾಗ ನಾಲ್ಕು ಆಯ್ಕೆಗಳನ್ನೂ ಒಂದೇ ದನಿಯಲ್ಲಿ ಓದಬೇಕು. ಸರಿಯುತ್ತರದ ಬಳಿ ದನಿ ಒಂದಿಷ್ಟು ನಿಂತರೂ ಅದು ಸುಳಿವು ಕೊಟ್ಟಂತೆ. ವಿದ್ಯಾರ್ಥಿ ತಪ್ಪು ಇಸವಿ ಹೇಳಿದರೆ ತಪ್ಪು ಇಸವಿಯನ್ನೇ ಬರೆಯಬೇಕು, ‘ಇಷ್ಟೇನಾ?’ ಎಂದು ಕೇಳಕೂಡದು, ಉಸಿರೆಳೆದುಕೊಳ್ಳಲೂ ಕೂಡದು, ಏಕೆಂದರೆ ಕಿವಿಯನ್ನೇ ನೆಚ್ಚಿಕೊಂಡವರಿಗೆ ಪಕ್ಕದವರ ನಿಟ್ಟುಸಿರೂ ಅರ್ಥವಾಗುತ್ತದೆ. ಇದರ ಜೊತೆಗೆ ಹೇಳಬಹುದಾದ, ಹೇಳಲೇಬೇಕಾದ ಸಂಗತಿಗಳೂ ಇವೆ: ಅರ್ಧ ಗಂಟೆಗೊಮ್ಮೆ ಗಡಿಯಾರ, ಉತ್ತರ ಎಷ್ಟು ಪುಟ ತುಂಬಿದೆ ಎಂಬ ಲೆಕ್ಕ, ಕೊನೆಯ ವಾಕ್ಯ ಎಲ್ಲಿ ನಿಂತಿತ್ತು ಎಂಬ ನೆನಪು. ಯಾವುದು ನೆರವು, ಯಾವುದು ನಕಲು ಎಂಬ ಗೆರೆಯನ್ನು ಕೊಠಡಿ ಮೇಲ್ವಿಚಾರಕರು ಕಾಯುತ್ತಾರಾದರೂ, ಆ ಗೆರೆಯನ್ನು ನಿಜವಾಗಿ ಎಳೆದುಕೊಳ್ಳುವುದು ಲಿಪಿಕಾರರ ಸ್ವಂತ ಸಂಯಮವೇ.

ಚಿತ್ರ ಬರೆಯಬೇಕಾದ ಪತ್ರಿಕೆಗಳಲ್ಲಿ ಕೆಲಸ ಇನ್ನಷ್ಟು ಬಿಗಿಯಾಗುತ್ತದೆ. ಅರ್ಥಶಾಸ್ತ್ರದ ಬೇಡಿಕೆ ರೇಖೆಯನ್ನು ವಿದ್ಯಾರ್ಥಿ ‘ನಿಂತ ಗೆರೆಯಲ್ಲಿ ಬೆಲೆ, ಮಲಗಿದ ಗೆರೆಯಲ್ಲಿ ಪ್ರಮಾಣ, ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿಯುವ ಗೆರೆ’ ಎಂದು ಮಾತಿನಲ್ಲಿ ಕಟ್ಟಿಕೊಡಬೇಕು. ಲಿಪಿಕಾರನಿಗೆ ಆ ಚಿತ್ರ ಮೊದಲೇ ಗೊತ್ತಿದ್ದರೂ ಹೇಳಿದ್ದನ್ನಷ್ಟೇ ಬರೆಯಬೇಕು. ಕನ್ನಡ ಐಚ್ಛಿಕ ವಿಷಯದ ಪತ್ರಿಕೆಯ ಕಷ್ಟ ಬೇರೆಯೇ ಬಗೆಯದು. ಛಂದಸ್ಸಿನ ಪ್ರಶ್ನೆಯಲ್ಲಿ ಪದ್ಯದ ಸಾಲಿಗೆ ಪ್ರಸ್ತಾರ ಹಾಕಬೇಕು, ಅಂದರೆ ಒಂದೊಂದು ಅಕ್ಷರದ ತಲೆಯ ಮೇಲೆ ಲಘುವಿಗೆ ಬಾಗುಗೆರೆ, ಗುರುವಿಗೆ ಅಡ್ಡಗೆರೆ ಹಾಕಿ, ಗಣ ಮುಗಿದಲ್ಲಿ ಉದ್ದಗೆರೆ ಎಳೆದು ಬಿಡಿಸಬೇಕು. ಛಂದಸ್ಸು ಮೂಲತಃ ಕಿವಿಯ ಶಾಸ್ತ್ರವಾದ್ದರಿಂದ ಕಾಣದ ವಿದ್ಯಾರ್ಥಿಯು ಬೆರಳೆಣಿಸುತ್ತ ‘ಲಘು, ಲಘು, ಗುರು’ ಎಂದು ಸರಾಗವಾಗಿ ಹೇಳಿಕೊಂಡು ಹೋಗಬಲ್ಲ. ಆದರೆ ಹಳಗನ್ನಡದ ಸಾಲನ್ನು ಹಿಂದೆಂದೂ ಓದದ ಲಿಪಿಕಾರನು ಪದ್ಯವನ್ನು ತಪ್ಪಾಗಿ ಒಡೆದು ಓದಿಬಿಟ್ಟರೆ, ದೀರ್ಘವನ್ನು ಹ್ರಸ್ವ ಮಾಡಿಬಿಟ್ಟರೆ, ಪ್ರಸ್ತಾರದ ಬುಡವೇ ಕುಸಿಯುತ್ತದೆ. ಕಾಗುಣಿತವೂ ಹೀಗೆಯೇ. ಚಿಕ್ಕಂದಿನಿಂದ ಬ್ರೈಲನ್ನೇ ಓದಿದವರಿಗೆ ಒತ್ತಕ್ಷರದ ಆಕಾರ ಕೈಗೆ ತಾಗಿರುವುದಿಲ್ಲ. ಬ್ರೈಲಿನಲ್ಲಿ ದಕಾರ ಮತ್ತು ಧಕಾರಗಳು ಬೇರೆಬೇರೆ ಚುಕ್ಕಿಗಳ ಎರಡು ಅಕ್ಷರಗಳೇ ಹೊರತು ಒಂದರ ಹೊಟ್ಟೆ ಸೀಳಿ ಇನ್ನೊಂದಾಗುವುದಿಲ್ಲ. ಆದರೂ ‘ಹೊಟ್ಟೆ ಸೀಳು’ ಎಂಬ ಶಾಲೆಯ ಮಾತನ್ನು ಅವರು ಕಲಿತುಕೊಂಡಿರುತ್ತಾರೆ, ಬರೆಯುವವರಿಗೆ ಆ ಮಾತು ಬೇಗ ತಿಳಿಯುತ್ತದೆಂಬ ಕಾರಣಕ್ಕೆ.

ಇಲ್ಲಿ ಹೇಳಿ ಬರೆಸುವುದೂ ಒಂದು ವಿದ್ಯೆಯೆಂಬುದನ್ನು ಗಮನಿಸಬೇಕು, ಏಕೆಂದರೆ ಲಿಪಿಕಾರರ ಬಗ್ಗೆ ಮಾತನಾಡುವವರು ಈ ಅರ್ಧವನ್ನು ಮರೆಯುವುದೇ ಹೆಚ್ಚು. ಹತ್ತು ಅಂಕದ ಉತ್ತರವನ್ನು ಮನಸ್ಸಿನಲ್ಲಿ ಪೂರ್ತಿ ಜೋಡಿಸಿಟ್ಟುಕೊಂಡು, ಬರೆಯುವ ಕೈಯ ವೇಗಕ್ಕೆ ತಕ್ಕಂತೆ ನಾಲ್ಕೈದು ಪದಗಳ ತುಣುಕು ಮಾಡಿ ಬಿಡುತ್ತ, ಒಂದು ತುಣುಕು ಕಾಗದಕ್ಕಿಳಿಯುವಷ್ಟರಲ್ಲಿ ಮುಂದಿನದನ್ನು ಸಿದ್ಧಮಾಡಿಕೊಳ್ಳುತ್ತ, ಎಲ್ಲಿ ಪ್ಯಾರಾ ಮುರಿಯಬೇಕು, ಯಾವ ಶೀರ್ಷಿಕೆಗೆ ಅಡಿಗೆರೆ ಬೇಕು ಎಂಬುದನ್ನೂ ಹೇಳುತ್ತ ಹೋಗುವುದು ಒಂದೇ ದಿನದಲ್ಲಿ ಬರುವುದಿಲ್ಲ. ಇದನ್ನು ಕಲಿಸುವವರು ಅಧ್ಯಾಪಕರಲ್ಲ, ಹಿರಿಯ ವಿದ್ಯಾರ್ಥಿಗಳು. ಒಂದೆರಡು ವರ್ಷ ಮೊದಲು ಅದೇ ದಾರಿಯಲ್ಲಿ ನಡೆದವರು ಹೊಸದಾಗಿ ಬಂದವರ ಜೊತೆಗೆ ನಿಂತು ದಾರಿ ತೋರುವುದಕ್ಕೆ ಶಿಕ್ಷಣದ ಪರಿಭಾಷೆಯಲ್ಲಿ ಸಹಪಾಠಿ ಮಾರ್ಗದರ್ಶನ ಎಂದು ಹೆಸರು. ಹಾಸ್ಟೆಲಿನಿಂದ ತರಗತಿಗೆ ಎಷ್ಟು ಮೆಟ್ಟಿಲು, ಲಿಪಿಕಾರರಿಗಾಗಿ ಪ್ರಾಂಶುಪಾಲರಿಗೆ ಅರ್ಜಿಯನ್ನು ಯಾವಾಗ ಕೊಡಬೇಕು, ಅದಕ್ಕೆ ವೈದ್ಯಕೀಯ ಪ್ರಮಾಣಪತ್ರದ ಯಾವ ಪ್ರತಿ ಲಗತ್ತಿಸಬೇಕು, ಮೊಬೈಲಿನ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ದನಿಯನ್ನು ಎಷ್ಟು ವೇಗಕ್ಕೆ ಇಟ್ಟುಕೊಂಡರೆ ಓದು ಬೇಗ ಮುಗಿಯುತ್ತದೆ ಎಂಬಂಥ ತಿಳಿವಳಿಕೆಯನ್ನು ಯಾವ ಮಾರ್ಗಸೂಚಿಯೂ ಬರೆದಿಟ್ಟಿಲ್ಲ. ಅದು ಹಾಸ್ಟೆಲಿನ ಕೋಣೆಗಳಲ್ಲಿ ಬಾಯಿಂದ ಬಾಯಿಗೆ ದಾಟುತ್ತದೆ. ಕಾಣದ ಹಿರಿಯನೊಬ್ಬ ಕಿರಿಯನನ್ನು ಎದುರಿಗೆ ಕೂರಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಹಿಡಿದು ‘ಈಗ ಹೇಳು, ಬರೆಸು’ ಎಂದು ಒತ್ತಾಯಿಸುವ ಒಂದು ಸಂಜೆಯ ಅಭ್ಯಾಸಕ್ಕಿರುವ ಬೆಲೆ ಹತ್ತು ಭಾಷಣಗಳಿಗಿಲ್ಲ.

ಪರೀಕ್ಷೆಗೆ ಮುಂಚಿನ ತಿಂಗಳುಗಳಲ್ಲಿ ಕಣ್ಣಿರುವ ಗೆಳೆಯರ ಪಾಲು ದೊಡ್ಡದು. ಪದವಿಯ ಕನ್ನಡ ಪಠ್ಯಗಳಲ್ಲಿ ಬಹಳಷ್ಟು ಈಗಲೂ ಮುದ್ರಿತ ರೂಪದಲ್ಲಷ್ಟೇ ಸಿಗುತ್ತವೆ. ಗಣಕದಲ್ಲಿ ಸಿಕ್ಕವೂ ಅನೇಕ ವೇಳೆ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪಾಗಿರುತ್ತವೆ. ಪರದೆಯ ಮೇಲಿನ ಬರಹವನ್ನು ದನಿಯಾಗಿಸುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಅದರ ಪಾಲಿಗೆ ಇಂಥ ಹಳೆಯ ಕಡತ ಕನ್ನಡವೇ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಕಣ್ಣಿಗೆ ಚೊಕ್ಕಟವಾಗಿ ಕಾಣುವ ಟಿಪ್ಪಣಿಯೊಂದು ಕಿವಿಗೆ ಗದ್ದಲವಾಗಿ ಕೇಳುವ ಈ ವಿಚಿತ್ರ ಸ್ಥಿತಿಯನ್ನು ಸರಿಪಡಿಸಲು ಗೆಳೆಯರಲ್ಲಿ ಯಾರಾದರೂ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ, ಕೆಟ್ಟ ಒತ್ತಕ್ಷರಗಳನ್ನು ತಿದ್ದಿ ಕಳಿಸಬೇಕಾಗುತ್ತದೆ. ಇಲ್ಲವಾದರೆ ಅಧ್ಯಾಯವನ್ನೇ ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ವಾಟ್ಸ್‌ಆ್ಯಪ್ ಮೂಲಕ ಕಳಿಸಬೇಕಾಗುತ್ತದೆ. ಅಂಗವಿಕಲರ ಓದಿಗಾಗಿ ಪುಸ್ತಕವನ್ನು ಹೀಗೆ ರೂಪಾಂತರಿಸುವುದಕ್ಕೆ 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆ ಅವಕಾಶ ಕೊಟ್ಟಿದೆ. ಹೀಗೆ ಓದಿ ಕೊಟ್ಟ ಗೆಳತಿಗೆ ಕಾಣದ ವಿದ್ಯಾರ್ಥಿನಿಯ ಮಾತಿನ ಲಯ, ಪಠ್ಯದ ಪಾರಿಭಾಷಿಕ ಪದಗಳು, ಅವಳು ಎಲ್ಲಿ ಯೋಚಿಸಲು ನಿಲ್ಲುತ್ತಾಳೆಂಬುದು ಎಲ್ಲವೂ ಪರಿಚಿತವಾಗಿರುವುದರಿಂದ, ಲಿಪಿಕಾರಳಾಗಲು ಆ ಗೆಳತಿಯಷ್ಟು ತಕ್ಕವರು ಬೇರೆ ಸಿಗಲಾರರು.

ಆದರೆ ನಿಯಮ ಅವಳನ್ನೇ ಹೊರಗಿಡುತ್ತದೆ. 2013ರ ಮಾರ್ಗಸೂಚಿಯು ಲಿಪಿಕಾರರ ವಿದ್ಯಾರ್ಹತೆ, ಅಂಕ, ವಯಸ್ಸುಗಳ ಮೇಲೆ ಮಿತಿ ಹೇರಬಾರದು, ಬದಲಿಗೆ ಮೇಲ್ವಿಚಾರಣೆಯನ್ನು ಬಿಗಿಗೊಳಿಸಬೇಕು ಎಂದು ಹೇಳಿತ್ತು. 2018ರ ಆಗಸ್ಟಿನ ಪರಿಷ್ಕೃತ ಮಾರ್ಗಸೂಚಿಯು ಅಭ್ಯರ್ಥಿ ತಾನೇ ಕರೆತರುವ ಲಿಪಿಕಾರನ ಓದು ಅಭ್ಯರ್ಥಿಯ ಓದಿಗಿಂತ ಒಂದು ಹಂತ ಕೆಳಗಿರಬೇಕೆಂದು ಮಾಡಿತು. ನಕಲು ತಡೆಯುವ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಇದರ ಭಾರವೆಲ್ಲ ಬಿದ್ದದ್ದು ಪ್ರಾಮಾಣಿಕ ವಿದ್ಯಾರ್ಥಿಯ ಮೇಲೆಯೇ: ಸಹಪಾಠಿ ಬರೆಯುವಂತಿಲ್ಲ, ಕೆಳತರಗತಿಯವರಿಗೆ ಅದೇ ದಿನಗಳಲ್ಲಿ ತಮ್ಮದೇ ಪರೀಕ್ಷೆ, ಒಪ್ಪಿಕೊಂಡವರು ಹಿಂದಿನ ರಾತ್ರಿ ‘ನಾಳೆ ಆಗುವುದಿಲ್ಲ’ ಎನ್ನುತ್ತಾರೆ. ಉಳಿದವರು ಕೊನೆಯ ಪುನರಾವರ್ತನೆಯಲ್ಲಿ ಮುಳುಗಿರುವ ರಾತ್ರಿ ಕಾಣದ ವಿದ್ಯಾರ್ಥಿಯು ಫೋನಿಗೆ ಅಂಟಿಕೊಂಡಿರುತ್ತಾನೆ. ಲಿಪಿಕಾರರನ್ನು ಒದಗಿಸುವುದು ಸಂಸ್ಥೆಯ ಹೊಣೆಯೆಂದು 1995ರಲ್ಲೇ ಕಾನೂನು ಹೇಳಿದ್ದ ನಾಡಿನಲ್ಲಿ ಆ ಹೊಣೆ ವಿದ್ಯಾರ್ಥಿಯ ಹೆಗಲಿಗೆ ಜಾರಿರುವುದು ಅನ್ಯಾಯವೆಂದೇ ಹೇಳಬೇಕು.

ಈ ಕೊರತೆಯನ್ನು ಬೆಂಗಳೂರಿನಲ್ಲಿ ಒಂದಿಷ್ಟು ತುಂಬಿದವರು ಸ್ವಯಂಸೇವಕರು. ಬೇರೆಯವರ ಪರೀಕ್ಷೆಗಳನ್ನು ವರ್ಷಗಟ್ಟಲೆ ಬರೆದುಕೊಟ್ಟ ಎನ್.ಎಂ. ಪುಷ್ಪಾ ಅವರಿಗೆ ಕೇಂದ್ರ ಸರ್ಕಾರದ ನಾರೀ ಶಕ್ತಿ ಪುರಸ್ಕಾರ ಸಂದದ್ದು ಈ ಕಸುಬಿಗೆ ದೊರೆತ ಅಪರೂಪದ ಸಾರ್ವಜನಿಕ ಮನ್ನಣೆ. ಸ್ವತಃ ದೃಷ್ಟಿಯಿಲ್ಲದ ಮಧು ಸಿಂಘಾಲ್ 1990ರಲ್ಲಿ ಆರಂಭಿಸಿದ ಮಿತ್ರ ಜ್ಯೋತಿ ಸಂಸ್ಥೆ ಮಾತನಾಡುವ ಪುಸ್ತಕಗಳ ಗ್ರಂಥಾಲಯವನ್ನು ಕಟ್ಟಿತು, ಮಹಾಂತೇಶ್ ಜಿ.ಕೆ. ತಮ್ಮಂತೆಯೇ ದೃಷ್ಟಿಯಿಲ್ಲದ ಗೆಳೆಯ ನಾಗೇಶ್ ಅವರೊಡನೆ 1997ರಲ್ಲಿ ಸ್ಥಾಪಿಸಿದ ಸಮರ್ಥನಂ, ಇಬ್ಬರು ಸ್ನೇಹಿತರು ತಾವು ಪಟ್ಟ ಪಾಡಿನಿಂದ ಕಲಿತದ್ದನ್ನು ಹಿಂದೆ ಬರುವವರಿಗೆ ದಾಟಿಸಿದ ದೊಡ್ಡ ಉದಾಹರಣೆ. ಆದರೆ ರಾಜಧಾನಿಯಿಂದ ದೂರದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಇಂಥ ಬಲ ತಲುಪುವುದು ಕಷ್ಟ.

ಲಿಪಿಕಾರರ ಅಗತ್ಯ ಕಣ್ಣು ಕಾಣದವರಿಗೆ ಮಾತ್ರ ಎಂಬ ನಂಬಿಕೆಯೂ ಈಚೆಗೆ ಸಡಿಲಗೊಂಡಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಕೇಂದ್ರ ಲೋಕಸೇವಾ ಆಯೋಗವು ಲಿಪಿಕಾರರನ್ನು ನಿರಾಕರಿಸಿದ ಪ್ರಕರಣದಲ್ಲಿ, ಶೇಕಡ 40ರ ಗೆರೆಯನ್ನು ಮುಂದೊಡ್ಡಿ ಸೌಲಭ್ಯ ತಪ್ಪಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ತೀರ್ಪಿತ್ತಿತು. ಅದನ್ನನುಸರಿಸಿ 2022ರ ಆಗಸ್ಟಿನಲ್ಲಿ ಆ ಗೆರೆಗಿಂತ ಕೆಳಗಿನವರಿಗೂ ಮಾರ್ಗಸೂಚಿ ಬಂದಿತು. ಬರವಣಿಗೆಯ ನ್ಯೂನತೆಯಾದ ಡಿಸ್‌ಗ್ರಾಫಿಯಾ ಹೊರಗೆ ಕಾಣುವಂಥದ್ದಲ್ಲವಾದ್ದರಿಂದ, ಇಂಥ ವಿದ್ಯಾರ್ಥಿಗಳು ಸೌಲಭ್ಯ ಕೇಳುವುದಕ್ಕೇ ಹಿಂಜರಿಯುತ್ತಾರೆ; ಅವರಿಗೆ ಮೊದಲು ಬೇಕಾದದ್ದು ಅರ್ಜಿಯ ನಮೂನೆಗಿಂತ, ‘ನಾನೂ ಕೇಳಿ ಪಡೆದೆ, ನೀನೂ ಕೇಳು’ ಎನ್ನುವ ಹಿರಿಯರೊಬ್ಬರು.

ಲಿಪಿಕಾರರ ನೆರವಿಲ್ಲದೆ ಕಂಪ್ಯೂಟರಿನಲ್ಲಿ ತಾವೇ ಟೈಪು ಮಾಡಿ ಉತ್ತರಿಸುವ ದಾರಿಯನ್ನು ಮಾರ್ಗಸೂಚಿಗಳು ತೆರೆದಿಟ್ಟಿವೆ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಆರಂಭಿಸಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಅದನ್ನು ಬಳಸಬಲ್ಲವರಿಗೆ ಪರೀಕ್ಷೆಯಲ್ಲಿ ಇನ್ನೊಬ್ಬರ ಕೈಯನ್ನು ಕಾಯುವ ಅಗತ್ಯ ಬಹಳಷ್ಟು ತಗ್ಗುತ್ತದೆ. ಆದರೂ ಪ್ರಶ್ನೆಪತ್ರಿಕೆಯಲ್ಲಿ ಚಿತ್ರರೂಪದಲ್ಲಿ ಅಚ್ಚಾದ ನಕಾಶೆ, ಕೋಷ್ಟಕ, ಸೂತ್ರಗಳನ್ನು ಓದಿ ವಿವರಿಸುವ ಮನುಷ್ಯರು ಬೇಕೇ ಬೇಕು, ಮತ್ತು ಶಾಲೆಯಲ್ಲಿ ಕೀಲಿಮಣೆಯ ಮೇಲೆ ಕೈಯಿಡದೆ ಪದವಿಗೆ ಬಂದವರಿಗೆ ಇನ್ನೂ ಹಲವು ವರ್ಷ ಲಿಪಿಕಾರರೇ ಗತಿ.

ಲಿಪಿಕಾರರ ಕೊರತೆಗೆ ಪರಿಹಾರದ ಒಂದು ಭಾಗ ಕಾಲೇಜಿನ ಆವರಣದಲ್ಲೇ ಇದೆ. ರಾಜ್ಯದ ಹಲವು ಪದವಿ ಕಾಲೇಜುಗಳ ಗೋಡೆಗೆ ತಾಗಿದಂತೆಯೇ ಅದೇ ಆಡಳಿತ ಮಂಡಳಿಯ ಪದವಿಪೂರ್ವ ಕಾಲೇಜು ನಡೆಯುತ್ತದೆ. ಅಲ್ಲಿನ ಪರೀಕ್ಷಾ ವೇಳಾಪಟ್ಟಿ ಬೇರೆ, ವಿದ್ಯಾರ್ಥಿಗಳ ಓದು ನಿಯಮ ಬೇಡುವಂತೆ ಒಂದು ಹಂತ ಕೆಳಗಿನದು. ಪರೀಕ್ಷೆಗೆ ಎರಡು ದಿನ ಮೊದಲು ಲಿಪಿಕಾರ ಮತ್ತು ಅಭ್ಯರ್ಥಿ ಭೇಟಿಯಾಗಬಹುದೆಂದು ಮಾರ್ಗಸೂಚಿ ಹೇಳುತ್ತದೆ, ಆದರೆ ಎರಡು ತಿಂಗಳು ಮೊದಲು ಭೇಟಿಯಾಗಬಾರದೆಂದು ಅದು ಎಲ್ಲಿಯೂ ಹೇಳಿಲ್ಲ. ಸೆಮಿಸ್ಟರಿನ ಆರಂಭದಲ್ಲೇ ಅಲ್ಲಿಂದ ಆಸಕ್ತರ ಪಟ್ಟಿ ಮಾಡಿ, ಕನ್ನಡ ಪತ್ರಿಕೆಗೆ ಕನ್ನಡ ಚೆನ್ನಾಗಿ ಬಲ್ಲವರನ್ನೂ ಅರ್ಥಶಾಸ್ತ್ರಕ್ಕೆ ವಾಣಿಜ್ಯ ವಿಭಾಗದವರನ್ನೂ ಆರಿಸಿ, ಕಿರುಪರೀಕ್ಷೆಗಳಲ್ಲೇ ಜೋಡಿಯಾಗಿ ಕೂರಿಸಿದರೆ, ಪ್ರಸ್ತಾರದ ಗೆರೆಯಿಂದ ಹಿಡಿದು ಒಬ್ಬರ ಮೌನವನ್ನು ಇನ್ನೊಬ್ಬರು ಗುರುತಿಸುವವರೆಗೆ ಎಲ್ಲವೂ ಅಂತಿಮ ಪರೀಕ್ಷೆಗೆ ಮುಂಚೆಯೇ ರೂಢಿಯಾಗಿರುತ್ತದೆ. ಇದಕ್ಕೆ ಹೊಸ ಅನುದಾನ ಬೇಕಿಲ್ಲ. ಪಟ್ಟಿ ಬರೆದಿಡಲು ಒಂದು ವಹಿ ಮತ್ತು ಅದರ ಹೊಣೆ ಹೊರುವ ಒಬ್ಬ ಅಧ್ಯಾಪಕರಿದ್ದರೆ ಸಾಕು.