ಬೆಂಗಳೂರಿನಿಂದ ಜಿದ್ದಾಕ್ಕೆ: ಮೀಕಾತ್ ಆಕಾಶದಲ್ಲೇ ದಾಟುತ್ತದೆ

ಉಮ್ರಾಕ್ಕೆ ಹೊರಟವರು ಜುಮಾ ನಮಾಝ್ ಮುಗಿದ ಮೇಲೆ ನಮ್ಮ ಬಳಿ ಬಂದು ಕೇಳುವ ಮೊದಲ ಪ್ರಶ್ನೆ: "ಹಝ್ರತ್, ಇಹ್ರಾಮ್ ಎಲ್ಲಿ ಧರಿಸಬೇಕು? ಜಿದ್ದಾದಲ್ಲಿ ಇಳಿದ ಮೇಲೆ ಸಾಲದೇ?" ಸಾಲದು. ಏಕೆಂದು ಈ ಜುಮಾದಲ್ಲಿ ವಿವರಿಸಿದ್ದೆವು. ಅದರ ಸಾರಾಂಶ ಇಲ್ಲಿದೆ.

ಹಜ್ ಅಥವಾ ಉಮ್ರಾಕ್ಕೆ ಹೋಗುವವರು ಇಹ್ರಾಮ್ ಇಲ್ಲದೆ ದಾಟಬಾರದ ಗಡಿಗಳನ್ನು ಪ್ರವಾದಿಯವರು(ಸ) ನಿಗದಿಪಡಿಸಿದ್ದಾರೆ. ಅವೇ ಮೀಕಾತ್‌ಗಳು. ಮದೀನಾದವರಿಗೆ ಝುಲ್ ಹುಲೈಫಾ, ಶಾಮ್ ಕಡೆಯವರಿಗೆ ಜುಹ್ಫಾ, ನಜ್ದ್‌ನವರಿಗೆ ಕರ್ನುಲ್ ಮನಾಝಿಲ್, ಯಮನ್‌ನವರಿಗೆ ಯಲಮ್‌ಲಮ್. ಬೇರೆಯವರು ಯಾವ ದಾರಿಯಲ್ಲಿ ಬರುತ್ತಾರೋ ಆ ದಾರಿಯ ಮೀಕಾತೇ ಅವರಿಗೂ. ನಮ್ಮ ಹಿರಿಯರು ಮುಂಬೈಯಿಂದ ಹಡಗಿನಲ್ಲಿ ಹೋಗುತ್ತಿದ್ದಾಗ ಯಲಮ್‌ಲಮ್‌ನ ನೇರಕ್ಕೆ ಬರುವ ಮುನ್ನ ಸಿದ್ಧರಾಗಲು ದಿನಗಟ್ಟಲೆ ಬಿಡುವಿತ್ತು. 1995ರಲ್ಲಿ ಆ ಹಡಗು ನಿಂತಿತು.

ವಿಮಾನದ ಲೆಕ್ಕ ಬೇರೆ. ಬೆಂಗಳೂರಿನಿಂದ ಜಿದ್ದಾಕ್ಕೆ ನೇರ ದೂರ ಸುಮಾರು 4,200 ಕಿ.ಮೀ. ನೇರ ವಿಮಾನಕ್ಕೆ ಐದೂವರೆಯಿಂದ ಆರು ಗಂಟೆ ಬೇಕು. ಸೌದಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದಿದೆ. ಬೆಳಿಗ್ಗೆ 10ಕ್ಕೆ ಹೊರಟು ಮಧ್ಯಾಹ್ನ 1.30ಕ್ಕೆ ಇಳಿಯುತ್ತದೆ ಎಂದು ಟಿಕೆಟ್‌ನಲ್ಲಿದ್ದರೆ, ಪ್ರಯಾಣ ಮೂರೂವರೆ ಗಂಟೆಯಲ್ಲ, ಆರು ಗಂಟೆ. ನಮ್ಮ ಕೈಗಡಿಯಾರದಲ್ಲಿ ಆಗ ಸಂಜೆ 4 ಆಗಿರುತ್ತದೆ. ಆದ್ದರಿಂದ ಗಡಿಯಾರ ನೋಡಿ ಮೀಕಾತ್ ಅಂದಾಜು ಮಾಡಬೇಡಿ.

ಪೂರ್ವದಿಂದ ಬರುವ ವಿಮಾನ ಸಾಮಾನ್ಯವಾಗಿ ಕರ್ನುಲ್ ಮನಾಝಿಲ್‌ನ ನೇರವನ್ನು ದಾಟಿಯೇ ಜಿದ್ದಾದಲ್ಲಿ ಇಳಿಯುತ್ತದೆ, ಇಳಿಯಲು ಹೆಚ್ಚುಕಡಿಮೆ ಅರ್ಧ ಗಂಟೆ ಇರುವಾಗ. ಗಂಟೆಗೆ 850 ಕಿ.ಮೀ. ಎಂದರೆ ನಿಮಿಷಕ್ಕೆ 14 ಕಿ.ಮೀ. ಶೌಚಾಲಯದ ಮುಂದೆ ಐದು ನಿಮಿಷ ಸಾಲಿನಲ್ಲಿ ನಿಂತರೆ 70 ಕಿ.ಮೀ. ದಾಟಿದಂತೆ!

ನಮ್ಮ ಜಮಾಅತಿನ ಹಿರಿಯರೊಬ್ಬರು ಇಹ್ರಾಮಿನ ಬಟ್ಟೆಯನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಲಗೇಜಿಗೆ ಹಾಕಿಬಿಟ್ಟಿದ್ದರು. ಮೀಕಾತ್ ಬಂದಾಗ ಬಟ್ಟೆ ಕೈಯಲ್ಲಿರಲಿಲ್ಲ. ಬಟ್ಟೆಯಿಲ್ಲದೆ ನಿಯ್ಯತ್ ಆಗದೆಂದು ಭಾವಿಸಿ ಸುಮ್ಮನೆ ಕುಳಿತರು. ಜಿದ್ದಾದಲ್ಲಿ ನಿಯ್ಯತ್ ಮಾಡಿ, ಕೊನೆಗೆ ದಮ್ ಕೊಡಬೇಕಾಯಿತು. ವರ್ಷಗಟ್ಟಲೆ ಹಣ ಕೂಡಿಟ್ಟು ಹೋದವರು, "ನನ್ನ ಉಮ್ರಾ ಸರಿಯಾಯಿತೇ ಹಝ್ರತ್?" ಎಂದು ಕೇಳುತ್ತಾ ಕಣ್ಣೀರಿಟ್ಟರು. ಇಹ್ರಾಮ್ ಎಂದರೆ ಬಟ್ಟೆಯಲ್ಲ, ನಿಯ್ಯತ್. ಬಟ್ಟೆ ಸಿಗದಿದ್ದರೂ ಮೀಕಾತ್‌ಗೆ ಮೊದಲು ನಿಯ್ಯತ್ ಮಾಡಿ ತಲ್ಬಿಯಾ ಹೇಳಬೇಕು. ಇಳಿದೊಡನೆ ಬಟ್ಟೆ ಬದಲಿಸಿ, ಪರಿಹಾರವೇನೆಂದು ಆಲಿಮರನ್ನು ಕೇಳಬೇಕು.

ಹಾಗಾಗಿ ಸಹೋದರ ಸಹೋದರಿಯರೇ, ಸ್ನಾನವನ್ನು ಮನೆಯಲ್ಲೇ ಮುಗಿಸಿ. ಪುರುಷರು ಮನೆಯಲ್ಲೋ ವಿಮಾನ ನಿಲ್ದಾಣದಲ್ಲೋ ಬಟ್ಟೆ ಧರಿಸಲಿ. ದುಬೈಯಂಥ ಊರಿನಲ್ಲಿ ವಿಮಾನ ಬದಲಿಸುವವರು ಅಲ್ಲಿ ಧರಿಸಿದರೂ ಸರಿ. ಮಹಿಳೆಯರಿಗೆ ತಮ್ಮ ಎಂದಿನ ಮರ್ಯಾದೆಯ ಉಡುಪೇ ಸಾಕು. ನಿಯ್ಯತ್ತನ್ನು ಮೀಕಾತ್ ಸಮೀಪಿಸಿದ ಪ್ರಕಟಣೆಯಾದಾಗ ಮಾಡಬಹುದು. ನಿದ್ದೆ ಬರುವ ಭಯವಿದ್ದರೆ ಮೊದಲೇ ಮಾಡಿಕೊಳ್ಳಿ. ನಿಯ್ಯತ್ ಆದ ಮೇಲೆ ವಿಮಾನದಲ್ಲಿ ಕೊಡುವ ಸುಗಂಧದ ಒದ್ದೆ ಕಾಗದದಿಂದ ಮುಖ ಒರೆಸಬೇಡಿ. ಮೊದಲು ಮದೀನಾಕ್ಕೆ ಹೋಗುವವರಿಗೆ ಆ ವಿಮಾನದಲ್ಲಿ ಇಹ್ರಾಮ್ ಬೇಕಿಲ್ಲ. ಅವರು ಮಕ್ಕಾಕ್ಕೆ ಹೊರಡುವಾಗ ಝುಲ್ ಹುಲೈಫಾದಲ್ಲಿ ನಿಯ್ಯತ್ ಮಾಡುತ್ತಾರೆ.

ಮನೆಯ ಹಿರಿಯರನ್ನು ಕಳುಹಿಸುವ ಮಕ್ಕಳು ಅವರ ಕೈಚೀಲವನ್ನು ಒಮ್ಮೆ ತೆರೆದು ನೋಡಿ. ಎರಡು ಬಿಳಿ ಬಟ್ಟೆಗಳು ಅದರಲ್ಲಿರಲಿ. ಅಲ್ಲಾಹನು ಎಲ್ಲರ ಹಜ್, ಉಮ್ರಾಗಳನ್ನು ಸ್ವೀಕರಿಸಲಿ, ಆಮೀನ್.