ಹಾಡು ನಿಂತಿತೇ? ಗಾಬರಿ ಬೇಡ!

ಸೋದರಿಯರೇ, ಒಗ್ಗರಣೆ ಹಾಕುವ ಹೊತ್ತಿಗೇ ಸ್ಪಾಟಿಫೈ ಹಾಡು ನಿಂತು ‘ಎರರ್ ಕೋಡ್ 4’ ಅಂತ ಬಂತೇ? ಫೋನು ಕೆಟ್ಟಿಲ್ಲ, ಇಂಟರ್‌ನೆಟ್ ಸಿಗುತ್ತಿಲ್ಲ, ಅಷ್ಟೇ. ವೈಫೈ ಪೆಟ್ಟಿಗೆಯನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ. ‘3’ ಅಂತ ಬಂದರೆ ಪಾಸ್‌ವರ್ಡ್ ಸರಿಯಿದೆಯಾ ನೋಡಿಕೊಳ್ಳಿ.

ದುಡ್ಡು ಕಟ್ಟಿ ಇಳಿಸಿಕೊಂಡ ಹಾಡುಗಳೂ 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ ಕಾಣಬೇಕು. ಇಲ್ಲದಿದ್ದರೆ ಮಾಯವಾಗುತ್ತವೆ! ತವರಿಗೆ, ಜಾತ್ರೆಗೆ ಹೊರಡುವ ಮುಂಚೆ ಒಮ್ಮೆ ತೆರೆದು ನೋಡಿ.

ಒಂದು ಮಾತು ಮಾತ್ರ ಮರೀಬೇಡಿ. ಹುಡುಕಿದಾಗ ಸಿಕ್ಕ ಯಾವುದೋ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಿ ಒಟಿಪಿ ಹೇಳಬೇಡಿ. ಮೋಸವಾಗಿ ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930ಕ್ಕೆ ದೂರು ಕೊಡಿ. ಹಾಡು ನಾಳೆಯೂ ಕೇಳಬಹುದು, ಕೂಡಿಟ್ಟ ದುಡ್ಡು ಹಾಗಲ್ಲ ನೋಡಿ!